ನಾದಿರಾ: ಒಂದು ಹೆಸರಿನ ವಿಚಾರ

ಅರಬ್ಬೀ ಭಾಷೆಯು ನಮಗೆ ತೀರ ಹೊರಗಿನದೆಂದು ಭಾವಿಸುವವರುಂಟು. ಆದರೆ ಸಕಲೇಶಪುರದ ಸೀಮೆಯ ವನಗೂರಿನಂತಹ ಮಲೆನಾಡಿನ ಊರುಗಳಲ್ಲಿ ಬೆಳಗಾದೊಡನೆ ಒಲೆಯನ್ನೇರುವ ಕಾಫಿಯ ಹೆಸರಿಗೆ ಮೂಲವು ಅರಬ್ಬಿಯ ‘ಕಹ್ವಾ’ ಎಂಬ ಶಬ್ದವೇ. ವಕೀಲ, ವಸೂಲಿ, ತಹಸೀಲು ಎಂಬಿವೂ ಆ ಭಾಷೆಯಿಂದ ಬಂದು ನಮ್ಮ ನುಡಿಯಲ್ಲಿ ಮನೆಮಾಡಿಕೊಂಡಿವೆ. ಇಷ್ಟಿದ್ದೂ ನೆರೆಮನೆಯ ಹೆಣ್ಣುಮಗುವಿನ ಹೆಸರಿಗೆ ಅರ್ಥವೇನೆಂದು ನಾವು ಕೇಳಿ ತಿಳಿಯುವುದು ಅಪರೂಪ. ಆದುದರಿಂದ ‘ನಾದಿರಾ’ ಎಂಬ ಹೆಸರನ್ನು ವಾಚಕರ ಮುಂದಿಡುತ್ತೇವೆ. ಅದರ ಅರ್ಥವೂ ‘ಅಪರೂಪದವಳು’ ಎಂದೇ ಆಗಿರುವುದು.

ಅರಬ್ಬಿಯಲ್ಲಿ ಪದಗಳು ಬಹುಮಟ್ಟಿಗೆ ಮೂರು ವ್ಯಂಜನಗಳ ಧಾತುವಿನಿಂದ ಹುಟ್ಟುತ್ತವೆ. ನ, ದ, ರ ಎಂಬ ಧಾತುವಿಗೆ ವಿರಳವಾಗುವುದೆಂದು ಅರ್ಥ. ಅದರಿಂದ ‘ನಾದಿರ್’ ಎಂಬ ಪುಲ್ಲಿಂಗ ರೂಪವೂ, ಕೊನೆಯಲ್ಲಿ ಆಕಾರವು ಸೇರಲು ‘ನಾದಿರಾ’ ಎಂಬ ಸ್ತ್ರೀಲಿಂಗ ರೂಪವೂ ಆಗುತ್ತವೆ. ಜಮೀಲನಿಂದ ಜಮೀಲಾ ಆದಂತೆ. 1739ರಲ್ಲಿ ದಿಲ್ಲಿಯನ್ನು ಸೂರೆಗೊಂಡ ಪಾರಸೀಕದ ನಾದಿರ್ ಷಹನದೂ ಇದೇ ಹೆಸರು. ಷಹಜಹಾನನ ಹಿರಿಯ ಮಗನಾದ ದಾರಾ ಷಿಕೋಹನು 1633ರಲ್ಲಿ ಕೈಹಿಡಿದ ನಾದಿರಾ ಬಾನುವಾದರೋ, ಪತಿಯು ರಾಜ್ಯವನ್ನು ಕಳೆದುಕೊಂಡು ಅಲೆದಾಗ ಅವನೊಡನೆಯೇ ನಡೆದು, 1659ರಲ್ಲಿ ದಾರಿಯಲ್ಲಿಯೇ ಮಡಿದಳು. ಆಕೆಯ ಸಮಾಧಿಯು ಲಾಹೋರಿನಲ್ಲಿದೆ.

ಬರೆವಣಿಗೆಯಲ್ಲಿ ಒಂದು ಎಚ್ಚರವು ಅವಶ್ಯ. ‘ನಜೀರಾ’ ಎಂಬುದು ಬೇರೆ ಹೆಸರು. ಅರಬ್ಬೀ ಅಕ್ಷರವನ್ನನುಸರಿಸಿ ಅದಕ್ಕೆ ‘ಎಚ್ಚರಿಸುವವಳು’ ಎಂದೋ ‘ಸರಿಸಮಾನಳು’ ಎಂದೋ ಅರ್ಥವಾಗುವುದು. ಶಾಲೆಯ ದಾಖಲೆಯಲ್ಲಿ ಬರೆಯಿಸುವಾಗ ಮೊದಲಕ್ಷರದ ದೀರ್ಘವನ್ನೂ ‘ದ’ಕಾರವನ್ನೂ ಕಾಪಾಡಿದರೆ ತಾಯಿತಂದೆಗಳು ಬಯಸಿದ ಅರ್ಥವು ಉಳಿಯುವುದು.

ಕನ್ನಡಿಗರ ಮನಸ್ಸಿನಲ್ಲಿ ಈ ಹೆಸರನ್ನು ನೆಲೆಗೊಳಿಸಿದವರು ಕಾಸರಗೋಡಿನಲ್ಲಿ 1936ರಲ್ಲಿ ಜನಿಸಿ 2023ರಲ್ಲಿ ಅಗಲಿದ ಸಾರಾ ಅಬೂಬಕ್ಕರ್ ಅವರು. ಅವರ ‘ಚಂದ್ರಗಿರಿಯ ತೀರದಲ್ಲಿ’ ಕಾದಂಬರಿಯ ನಾಯಕಿಯೇ ನಾದಿರಾ. ತಂದೆಯ ಹಟದಿಂದ ಆಕೆಗೆ ಪತಿಯಿಂದ ತಲಾಖ್ ಆಗುತ್ತದೆ. ಮರಳಿ ಅವನನ್ನೇ ಸೇರಬೇಕಾದರೆ ಪರಪುರುಷನನ್ನು ಒಂದು ರಾತ್ರಿಯ ಮಟ್ಟಿಗಾದರೂ ವರಿಸಬೇಕೆಂಬ ಕಟ್ಟಳೆಯು ಎದುರು ನಿಲ್ಲುತ್ತದೆ. ಅದನ್ನು ಸಹಿಸಲಾರದೆ ಆಕೆ ಕೆರೆಯ ನೀರಿನಲ್ಲಿ ಕೊನೆಗಾಣುತ್ತಾಳೆ. ಆಕೆಯ ಮನಸ್ಸು ಏನೆಂಬುದನ್ನು ತಂದೆಯು ಕೇಳಲೇ ಇಲ್ಲ.

ಅಪರೂಪವಾದುದು ಇಲ್ಲದುದಕ್ಕೆ ಸಮಾನವೆಂಬ ಸೂತ್ರವೊಂದು ಅರಬ್ಬೀ ನ್ಯಾಯಶಾಸ್ತ್ರದಲ್ಲಿದೆ. ವಿರಳ ಸಂಗತಿಗಳಿಗಾಗಿ ನಿಯಮವನ್ನು ಕಟ್ಟಲಾಗದೆಂಬುದೇ ಅದರ ತಾತ್ಪರ್ಯ. ಶಾಸ್ತ್ರಕ್ಕೆ ಅದು ಸರಿಯಿರಬಹುದು, ಸಂಸಾರಕ್ಕೆ ಸಲ್ಲದು. ಹುಟ್ಟಿದ ಏಳನೆಯ ದಿನ ಮಗಳನ್ನು ‘ಅಪರೂಪದವಳು’ ಎಂದು ಕರೆದ ಹಿರಿಯರು, ಆಕೆ ಬೆಳೆದು ಬಾಯಿತೆರೆದಾಗ ಇಲ್ಲದವಳೆಂದು ಬಗೆದರೆ ಆ ಹೆಸರಿಟ್ಟು ಫಲವೇನು? ಹೆಸರು ಯಾವ ಭಾಷೆಯದಾದರೂ ಆಗಲಿ, ಅದರ ಅರ್ಥವನ್ನು ನಡೆಸಿಕೊಡುವ ಭಾರವು ಇಟ್ಟವರದು.