ಕಟ್ಟೆಯ ನೀರು ಹೇಳುವ ಮಳೆಕಾಡಿನ ಪಾಠ

ಮುಂಗಾರು ಬಿರುಸಾದಾಗ ಹುಣಸೂರು ತಾಲ್ಲೂಕಿನ ಕಟ್ಟೆಮಳಲವಾಡಿಯಲ್ಲಿ ಲಕ್ಷ್ಮಣತೀರ್ಥ ಕಟ್ಟೆಯನ್ನು ದಾಟಿ ಭೋರ್ಗರೆಯುತ್ತದೆ. ಊರಿನಲ್ಲಿ ಬಿದ್ದದ್ದು ತುಂತುರು ಮಳೆಯೇ ಆದರೂ ಹೊಳೆ ಕೆಂಪಗೆ ತುಂಬಿ ಬರುವುದುಂಟು. ಇಷ್ಟು ನೀರು ಬಂದದ್ದು ಎಲ್ಲಿಂದ?

ಉತ್ತರ ಕೊಡಗಿನ ಬ್ರಹ್ಮಗಿರಿಯಲ್ಲಿದೆ. ಇರ್ಪು ಜಲಪಾತದ ಮೇಲಿನ ಆ ಬೆಟ್ಟಸಾಲಿನಲ್ಲಿ ನಿತ್ಯಹರಿದ್ವರ್ಣ ಕಾಡೂ ಶೋಲಾ ಕಾಡೂ ಇವೆ. ಪಠ್ಯಪುಸ್ತಕದ ‘ಉಷ್ಣವಲಯದ ಮಳೆಕಾಡು’ ಎಂದರೆ ಇಂಥದೇ. ಆದರೆ ಮಳೆಕಾಡು ಎಂದೊಡನೆ ಮಕ್ಕಳ ಬಾಯಿಗೆ ಬರುವ ಹೆಸರು ಅಮೆಜಾನ್. ಪಕ್ಕದ ನಾಗರಹೊಳೆಯನ್ನೂ ಕೆಲವರು ಮಳೆಕಾಡೆಂದುಕೊಳ್ಳುತ್ತಾರೆ. ಅದರ ಬಹುಭಾಗ ಬೇಸಿಗೆಯಲ್ಲಿ ಎಲೆ ಉದುರಿಸುವ ಕಾಡು.

ಕಾಣದ ಲೋಕವನ್ನು ದೂರದಿಂದಲೇ ಕಲಿಸುವ ಪ್ರಯತ್ನ ಕರ್ನಾಟಕಕ್ಕೆ ಹೊಸದಲ್ಲ. 1975-76ರ ‘ಸೈಟ್’ ಯೋಜನೆಯಲ್ಲಿ ಉಪಗ್ರಹದ ಮೂಲಕ ರಾಯಚೂರು, ಗುಲ್ಬರ್ಗ, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಟಿ.ವಿ. ಪಾಠ ಬಂತು. 2004ರ ಸೆಪ್ಟೆಂಬರ್ 20ರಂದು ಹಾರಿದ ‘ಎಜುಸ್ಯಾಟ್’ ಚಾಮರಾಜನಗರ ಜಿಲ್ಲೆಯ ನೂರಾರು ಪ್ರಾಥಮಿಕ ಶಾಲೆಗಳನ್ನು ತಲುಪಿತು. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ಚಂದನ ವಾಹಿನಿಯ ‘ಸಂವೇದ’ ಪಾಠಗಳು ಮನೆಮನೆಗೆ ಬಂದವು.

ಕೆಲವು ಪಾಠಗಳಿಗೆ ಈ ಪರದೆಯೇ ಗತಿ. ಸಮಶೀತೋಷ್ಣ ಮಳೆಕಾಡು ಅಂಥದೊಂದು. ಅಮೆರಿಕದ ವಾಷಿಂಗ್ಟನ್ ರಾಜ್ಯದ ಹೋ ಮಳೆಕಾಡಿನಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಚಳಿಯೂ ಉಂಟು. ಸಿಟ್ಕಾ ಸ್ಪ್ರೂಸ್, ಹೆಮ್ಲಾಕ್ ಮರಗಳಿಗೆ ಹಸಿರು ಕಂಬಳಿಯಂತೆ ಹಾವಸೆ ಹೊದ್ದಿರುತ್ತದೆ. ಉರುಳಿದ ಮರ ನೂರಾರು ವರ್ಷ ನಿಧಾನವಾಗಿ ಕೊಳೆಯುತ್ತದೆ. ಅದರ ಬೆನ್ನ ಮೇಲೆಯೇ ಹೊಸ ಸಸಿಗಳು ಸಾಲಾಗಿ ಮೊಳೆಯುತ್ತವೆ. ಚಿಲಿ ಮತ್ತು ನ್ಯೂಜಿಲೆಂಡಿನಲ್ಲೂ ಇಂಥ ಕಾಡುಗಳಿವೆ.

ಉಷ್ಣವಲಯದ ಕಾಡಿನಲ್ಲಿ ಸೆಕೆ ಮತ್ತು ತೇವ ಕೂಡಿರುವುದರಿಂದ ಗೆದ್ದಲು, ಶಿಲೀಂಧ್ರಗಳು ಉದುರಿದ ಎಲೆಯನ್ನು ಬೇಗನೆ ಕರಗಿಸುತ್ತವೆ. ಸಾರವನ್ನು ಬೇರುಗಳು ಕೂಡಲೇ ಹೀರಿಕೊಳ್ಳುತ್ತವೆ. ಹೀಗಾಗಿ ಸಂಪತ್ತಿನ ಬಹುಪಾಲು ಮಣ್ಣಿಗಿಂತ ಮರಗಳಲ್ಲೇ ಇರುತ್ತದೆ. ಮರ ಹೋದರೆ ಉಳಿಯುವುದು ಬಡ ಮಣ್ಣು.

ಇದನ್ನು ನೋಡಿದ ಮಗು ಮರೆಯಬಹುದು, ಮಾಡಿದರೆ ಮರೆಯದು. ಹಿತ್ತಿಲಿನ ನೆರಳಿನಲ್ಲಿ ಎರಡು ಗುಳಿ ತೋಡಿ ಒಂದೇ ಮರದ ತರಗೆಲೆಗಳನ್ನು ಹಾಕಿಸಬೇಕು. ಒಂದಕ್ಕೆ ದಿನವೂ ನೀರು ಚಿಮುಕಿಸಿ, ಇನ್ನೊಂದನ್ನು ಒಣಗಲು ಬಿಡಬೇಕು. ತಿಂಗಳೆರಡು ಕಳೆದ ಮೇಲೆ ತೆಗೆದು ನೋಡಿದರೆ, ತೇವ ಮಾಡುವ ಕೆಲಸ ಕೈಗೇ ಸಿಗುತ್ತದೆ. ರೇಡಿಯೊ ಪಾಠವಾದರೂ ಮೊಬೈಲ್ ಪಾಠವಾದರೂ ಇಷ್ಟು ಮನೆಗೆಲಸ ಕೊಡಬಹುದು. ಇದಕ್ಕೆ ಇಂಟರ್‌ನೆಟ್ ಬೇಡ, ಕಾಸೂ ಬೇಡ.

ಕಟ್ಟೆಯ ನಾಲೆ ನಂಬಿ ಭತ್ತ ನೆಡುವ ಮನೆಯ ಮಕ್ಕಳಿಗೆ ಇದು ಪರೀಕ್ಷೆಯ ಅಂಕಕ್ಕಷ್ಟೇ ಸೇರಿದ ವಿಷಯವಲ್ಲ. ಬೆಟ್ಟದ ಕಾಡಿನ ಮಣ್ಣು ಮಳೆನೀರನ್ನು ಹೀರಿ ನಿಧಾನವಾಗಿ ಬಿಡುತ್ತದೆ. ಆ ಕಾಡು ಬೋಳಾದರೆ ನೀರು ಮಣ್ಣನ್ನೂ ಕೊಚ್ಚಿಕೊಂಡು ಒಮ್ಮೆಲೇ ಹರಿದುಹೋಗುತ್ತದೆ. ಮಳೆ ನಿಂತ ಮೇಲೆ ಹೊಳೆ ಬೇಗ ಸೊರಗುತ್ತದೆ.

ಅಮೆಜಾನಿನಿಂದ ಆರಂಭವಾಗುವ ಪಾಠ ಇಲ್ಲಿ ಲಕ್ಷ್ಮಣತೀರ್ಥದಿಂದ ಆರಂಭವಾಗಲಿ. ಊರ ಕಟ್ಟೆಯ ನೀರಿನ ಮೂಲ ತಿಳಿದ ಮಗುವಿಗೆ ಅಮೆಜಾನಿನ ಕಾಡಿನ ಬೆಲೆಯೂ ತಿಳಿದೀತು.