ಕಥಾಪಾತ್ರಗಳ ವಿಶಿಷ್ಟ ಚರ್ಯೆ

ವಿಶಿಷ್ಟ ಚರ್ಯೆ ಎಂದರೆ ಕಥೆ, ಕಾದಂಬರಿ, ನಾಟಕಗಳಲ್ಲಿ ಒಂದು ಪಾತ್ರವನ್ನು ಉಳಿದ ಪಾತ್ರಗಳಿಂದ ಬೇರೆಯಾಗಿ ಗುರುತಿಸಲು ನೆರವಾಗುವ, ಮತ್ತೆ ಮತ್ತೆ ಕಾಣಿಸಿಕೊಳ್ಳುವ ನಡೆ, ನುಡಿ ಅಥವಾ ಅಭ್ಯಾಸ. ಆಡುಮಾತಿನಲ್ಲಿ ಇದನ್ನು ಚಾಳಿ, ಖಯಾಲಿ, ಗೀಳು ಎಂದೆಲ್ಲ ಕರೆಯುವುದುಂಟು. ಕಥೆಯ ವಿವರಗಳು ಮರೆತುಹೋದ ಮೇಲೂ ಪಾತ್ರವೊಂದು ಓದುಗರ ನೆನಪಿನಲ್ಲಿ ಉಳಿಯಲು ಇಂತಹ ಚರ್ಯೆಯು ಅನೇಕ ವೇಳೆ ಕಾರಣವಾಗುತ್ತದೆ. ಆದರೆ ಪಾತ್ರದ ಒಳಗಿನ ಭಯ, ಆಸೆ, ಅಭಿಮಾನಗಳಿಂದ ಹುಟ್ಟದ ಚರ್ಯೆಯು ಕೇವಲ ಅಲಂಕಾರವಾಗಿ ಉಳಿಯುತ್ತದೆ.

ಹಿನ್ನೆಲೆ

ಮನುಷ್ಯರನ್ನು ಅವರ ಚಾಳಿಗಳಿಂದ ಗುರುತಿಸುವ ಪದ್ಧತಿ ಬಹಳ ಹಳೆಯದು. ಕ್ರಿಸ್ತಪೂರ್ವ 4ನೆಯ ಶತಮಾನದ ಗ್ರೀಕ್ ಚಿಂತಕ ಥಿಯೋಫ್ರಾಸ್ಟಸ್ ಜಿಪುಣ, ಬಡಾಯಿಗಾರ, ವಾಚಾಳಿ ಮೊದಲಾದ 30 ಬಗೆಯ ಜನರ ಕಿರುಚಿತ್ರಗಳನ್ನು ಬರೆದಿದ್ದಾನೆ. ಇಂಗ್ಲೆಂಡಿನ ನಾಟಕಕಾರ ಬೆನ್ ಜಾನ್ಸನ್, 1598ರಲ್ಲಿ ಪ್ರದರ್ಶನಗೊಂಡ 'ಎವೆರಿ ಮ್ಯಾನ್ ಇನ್ ಹಿಸ್ ಹ್ಯೂಮರ್' ನಾಟಕದಲ್ಲಿ ಒಂದೊಂದು ಪಾತ್ರಕ್ಕೂ ಒಂದೊಂದು ಪ್ರಬಲ ಗುಣವನ್ನು ಕೊಟ್ಟನು.

ಸಂಸ್ಕೃತ ನಾಟಕಗಳಲ್ಲಿಯೂ ಈ ಕ್ರಮವಿದೆ. ಶೂದ್ರಕನ 'ಮೃಚ್ಛಕಟಿಕ'ದ ಶಕಾರನು 'ಸ'ಕಾರದ ಸ್ಥಾನದಲ್ಲಿ 'ಶ'ಕಾರವನ್ನು ಉಚ್ಚರಿಸುತ್ತಾನೆ. ರಾಮಾಯಣ, ಮಹಾಭಾರತಗಳ ಪಾತ್ರಗಳನ್ನು ಒಂದರೊಳಗೊಂದು ಬೆರೆಸಿ ಉಪಮೆ ಕೊಡುತ್ತಾನೆ. ಪ್ರೇಕ್ಷಕರು ಮೊದಲು ನಗುತ್ತಾರೆ. ಆದರೆ ವಿದ್ಯೆಯಿಲ್ಲದಿದ್ದರೂ ವಿದ್ವಾಂಸನೆನಿಸಿಕೊಳ್ಳುವ ಹಂಬಲ, ರಾಜನ ಬಂಧುವೆಂಬ ದರ್ಪ ಇವೆರಡೂ ಆ ಮಾತಿನಲ್ಲಿಯೇ ಅಡಗಿವೆ. ಮುಂದೆ ವಸಂತಸೇನೆಯ ಕುತ್ತಿಗೆ ಹಿಸುಕಿ, ಆ ಅಪರಾಧವನ್ನು ಚಾರುದತ್ತನ ಮೇಲೆ ಹೊರಿಸುವವನು ಇದೇ ಶಕಾರ. ನಗೆ ಹುಟ್ಟಿಸಿದ ಚರ್ಯೆಯೇ ಅವನ ಕ್ರೌರ್ಯದ ಮುನ್ಸೂಚನೆಯೂ ಆಗಿತ್ತೆಂಬುದು ಆಗ ಅರಿವಾಗುತ್ತದೆ.

ಚಪ್ಪಟೆ ಪಾತ್ರ ಮತ್ತು ದುಂಡು ಪಾತ್ರ

ಇಂಗ್ಲಿಷ್ ಕಾದಂಬರಿಕಾರ ಇ. ಎಂ. ಫಾರ್ಸ್ಟರ್ 1927ರಲ್ಲಿ ಪ್ರಕಟವಾದ 'ಆಸ್ಪೆಕ್ಟ್ಸ್ ಆಫ್ ದ ನಾವೆಲ್' ಗ್ರಂಥದಲ್ಲಿ ಪಾತ್ರಗಳನ್ನು 'ಚಪ್ಪಟೆ' ಮತ್ತು 'ದುಂಡು' ಎಂದು ಎರಡಾಗಿ ವಿಂಗಡಿಸಿದನು. ಒಂದೇ ಗುಣ ಅಥವಾ ಒಂದೇ ವಿಚಾರದ ಸುತ್ತ ಕಟ್ಟಿದ ಪಾತ್ರ ಚಪ್ಪಟೆಯಾದುದು. ನಂಬುವಂತಿದ್ದೂ ನಮ್ಮನ್ನು ಅಚ್ಚರಿಗೊಳಿಸಬಲ್ಲ ಪಾತ್ರ ದುಂಡಾದುದು. ಚಪ್ಪಟೆ ಪಾತ್ರಗಳನ್ನು ಅವನು ತಳ್ಳಿಹಾಕಲಿಲ್ಲ. ಅವು ಸುಲಭವಾಗಿ ಗುರುತು ಸಿಗುತ್ತವೆ, ಬಹುಕಾಲ ನೆನಪಿನಲ್ಲಿ ಉಳಿಯುತ್ತವೆ ಎಂಬುದನ್ನು ಒಪ್ಪಿಕೊಂಡನು. ಚಿಕ್ಕ ಪಾತ್ರಕ್ಕೆ ಒಂದು ಚರ್ಯೆ ಸಾಕಾಗಬಹುದು. ಕಥೆಯ ಭಾರ ಹೊರುವ ಪಾತ್ರಕ್ಕೆ ಅಷ್ಟು ಸಾಲದು.

ಚರ್ಯೆಯು ನಿರ್ವಹಿಸುವ ಕಾರ್ಯಗಳು

ಮುಖವಾಡವಾಗಿ: ಚಾರ್ಲ್ಸ್ ಡಿಕನ್ಸನ 'ಡೇವಿಡ್ ಕಾಪರ್‌ಫೀಲ್ಡ್' (1849–50) ಕಾದಂಬರಿಯ ಯುರಾಯಾ ಹೀಪ್ ತಾನು ಅತ್ಯಂತ ದೀನನೆಂದು ಪದೇ ಪದೇ ಹೇಳಿಕೊಳ್ಳುತ್ತಾನೆ. ಒಳಗೊಳಗೇ ತನ್ನ ಯಜಮಾನನನ್ನು ವಂಚಿಸುತ್ತಿರುತ್ತಾನೆ. ತನ್ನನ್ನೂ ತನ್ನ ತಂದೆಯನ್ನೂ ಧರ್ಮಾರ್ಥ ಶಾಲೆಗಳಲ್ಲಿ ಬೆಳೆಸಿ, ದೊಡ್ಡವರೆದುರು ತಗ್ಗಿ ನಡೆಯುವುದನ್ನೇ ಕಲಿಸಿದರೆಂದು ಅವನೇ ಒಂದೆಡೆ ಹೇಳುತ್ತಾನೆ. ಆಗ ಅವನ ಮೇಲಿನ ಜುಗುಪ್ಸೆಯೊಡನೆ, ಅವನನ್ನು ಹಾಗೆ ರೂಪಿಸಿದ ಸಮಾಜದ ಕುರಿತ ಪ್ರಶ್ನೆಯೂ ಓದುಗರಲ್ಲಿ ಏಳುತ್ತದೆ.

ಕಥೆಯ ಕೀಲಿಯಾಗಿ: ಅಗಾಥಾ ಕ್ರಿಸ್ಟಿಯ ಪತ್ತೇದಾರ ಪೊವಾರೊಗೆ ವಸ್ತುಗಳನ್ನು ಓರಣವಾಗಿ ಜೋಡಿಸುವ ಗೀಳು. ಅವನ ಮೊದಲ ಕಾದಂಬರಿ 'ದ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್'ನಲ್ಲಿ (1920), ಒಮ್ಮೆ ಸರಿಪಡಿಸಿದ್ದ ಅಲಂಕಾರದ ವಸ್ತುಗಳನ್ನು ಮತ್ತೊಮ್ಮೆ ಸರಿಪಡಿಸಬೇಕಾಗಿ ಬಂದುದು ಅವನ ನೆನಪಿಗೆ ಬರುತ್ತದೆ. ನಡುವೆ ಯಾರೋ ಅವುಗಳನ್ನು ಮುಟ್ಟಿದ್ದಾರೆಂದು ಅರಿತು, ಬಚ್ಚಿಟ್ಟ ಸಾಕ್ಷ್ಯವನ್ನು ಅವನು ಕಂಡುಹಿಡಿಯುತ್ತಾನೆ. ಆ ಗೀಳನ್ನು ಕಥೆಯಿಂದ ತೆಗೆದರೆ ರಹಸ್ಯ ಬಿಡಿಸುವ ದಾರಿಯೇ ಮುಚ್ಚಿಹೋಗುತ್ತದೆ.

ಬಾಂಧವ್ಯದ ಗುರುತಾಗಿ: ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' (1967) ಕಾದಂಬರಿಯ ಗುತ್ತಿಯು ಹುಲಿಯನೆಂಬ ನಾಯಿಯನ್ನು ಬಿಟ್ಟಿರಲಾರ. ಆದ್ದರಿಂದಲೇ ಅವನು 'ನಾಯಿಗುತ್ತಿ'. ಇತರರು ಇಟ್ಟ ಅಡ್ಡಹೆಸರು ಕೇಳಲು ತಾತ್ಸಾರದಂತಿದ್ದರೂ ಕಾದಂಬರಿಯಲ್ಲಿ ಅದು ಒಂದು ಸ್ನೇಹದ ಹೆಸರಾಗಿ ಬೆಳೆಯುತ್ತದೆ. ಹುಲಿಯನನ್ನು ಕಳೆದುಕೊಳ್ಳುವ ಪ್ರಸಂಗವು ಓದುಗರ ಮನಸ್ಸನ್ನು ಕಲಕುವುದು ಈ ಕಾರಣದಿಂದ.

ಅರ್ಥ ಬದಲಾಗುವ ಚಿಹ್ನೆಯಾಗಿ: ಪೂರ್ಣಚಂದ್ರ ತೇಜಸ್ವಿಯವರ 'ಕರ್ವಾಲೊ' (1980) ಕಾದಂಬರಿಯ ಮಂದಣ್ಣನು ಲೋಕವ್ಯವಹಾರದಲ್ಲಿ ಅಷ್ಟಾಗಿ ನೆಲೆಗಾಣದವನು. ಜೇನು, ಕಾಡು ಎಂದು ಅಲೆಯುವ ಅವನು ಸುತ್ತಲಿನವರಿಗೆ ಅಬ್ಬೇಪಾರಿಯಂತೆ ತೋರುತ್ತಾನೆ. ವಿಜ್ಞಾನಿ ಕರ್ವಾಲೊ ಮಾತ್ರ ಅದೇ ಅಲೆದಾಟದಲ್ಲಿ ಹುಟ್ಟು ಪ್ರಕೃತಿಶಾಸ್ತ್ರಜ್ಞನ ಸೂಕ್ಷ್ಮ ದೃಷ್ಟಿಯನ್ನು ಗುರುತಿಸುತ್ತಾರೆ. ಮಂದಣ್ಣನ ಚರ್ಯೆ ಬದಲಾಗುವುದಿಲ್ಲ. ಅದನ್ನು ನೋಡುವ ಓದುಗರ ಕಣ್ಣು ಬದಲಾಗುತ್ತದೆ.

ರೂಪಿಸುವ ಕ್ರಮ

ಮೇಲಿನ ಉದಾಹರಣೆಗಳಿಂದ ಕಥೆ ಬರೆಯುವ ವಿದ್ಯಾರ್ಥಿಗಳು ಕೆಲವು ಸೂತ್ರಗಳನ್ನು ಪಡೆಯಬಹುದು.

1. ಚರ್ಯೆಗೆ ಕಾರಣವಿರಬೇಕು. ಅದನ್ನು ಓದುಗರಿಗೆ ಬಿಡಿಸಿ ಹೇಳುವ ಅಗತ್ಯವಿಲ್ಲ. ಲೇಖಕರಿಗೆ ತಿಳಿದಿದ್ದರೆ ಸಾಕು.
2. ವಿವರ ನಿರ್ದಿಷ್ಟವಾಗಿರಬೇಕು. 'ಅವನು ಜಿಪುಣ' ಎನ್ನುವುದಕ್ಕಿಂತ, ಬಂದ ಮದುವೆಯ ಕರೆಯೋಲೆಗಳ ಖಾಲಿ ಬೆನ್ನಿನಲ್ಲಿ ಮನೆಯ ಲೆಕ್ಕ ಬರೆಯುತ್ತಾನೆ ಎಂದರೆ ವ್ಯಕ್ತಿ ಕಣ್ಣಿಗೆ ಕಟ್ಟುತ್ತಾನೆ.
3. ಪುನರಾವರ್ತನೆಯಲ್ಲಿ ಬದಲಾವಣೆ ಇರಬೇಕು. ಮೊದಲ ಸಲ ನಗೆ ತರಿಸಿದ್ದು ಎರಡನೆಯ ಸಲ ಪರಿಚಯದ ಗುರುತಾಗಿ, ಮೂರನೆಯ ಸಲ ಸಂಕಟದ ಸಂದರ್ಭದಲ್ಲಿ ಬಂದರೆ ಅದಕ್ಕೆ ಹೊಸ ಅರ್ಥ ಕೂಡುತ್ತದೆ.
4. ಒಂದು ಪಾತ್ರಕ್ಕೆ ಒಂದೆರಡು ಚರ್ಯೆಗಳು ಸಾಕು. ಹೆಚ್ಚಾದರೆ ಯಾವುದೂ ನೆನಪಿನಲ್ಲಿ ಉಳಿಯುವುದಿಲ್ಲ.
5. ಅದರಿಂದ ಪಾತ್ರಕ್ಕೆ ಲಾಭವೋ ನಷ್ಟವೋ ಆಗಬೇಕು. ಚರ್ಯೆಯನ್ನು ತೆಗೆದುಹಾಕಿದರೂ ಕಥೆಗೆ ಯಾವ ಕೊರತೆಯೂ ಆಗದಿದ್ದರೆ ಅದು ಅನಗತ್ಯ.

ದೋಷಗಳು ಮತ್ತು ಎಚ್ಚರಿಕೆ

ಚರ್ಯೆಗೂ ಅಂಗವೈಕಲ್ಯಕ್ಕೂ ಇರುವ ವ್ಯತ್ಯಾಸವನ್ನು ಮರೆಯುವುದು ಈ ತಂತ್ರದ ದೊಡ್ಡ ದೋಷ. ಭರತನ ನಾಟ್ಯಶಾಸ್ತ್ರವು ವಿದೂಷಕನನ್ನು ಕುಳ್ಳ, ಗೂನುಬೆನ್ನಿನವ, ಬೋಳುತಲೆಯವ ಎಂದು ವರ್ಣಿಸುತ್ತದೆ. ದೇಹದ ವಿಕಾರವನ್ನೇ ಹಾಸ್ಯಕ್ಕೆ ಆಧಾರವಾಗಿಸುವ ರೂಢಿಯು ರಂಗಭೂಮಿಯಲ್ಲಿಯೂ ಚಲನಚಿತ್ರಗಳಲ್ಲಿಯೂ ಬಹುಕಾಲ ಮುಂದುವರಿಯಿತು. ಉಗ್ಗು, ಕಿವುಡು, ಕುಂಟುಗಳನ್ನು ನಗೆಗಾಗಿ ಬಳಸಿದ ಕಥೆಯನ್ನು ತರಗತಿಯಲ್ಲಿ ಓದುವಾಗ, ಅದೇ ತೊಂದರೆಯುಳ್ಳ ವಿದ್ಯಾರ್ಥಿಯೊಬ್ಬ ಅಲ್ಲಿ ಕುಳಿತಿರಬಹುದು. ಕಥೆ ಮುಗಿದ ಮೇಲೂ ಆ ಪಾತ್ರದ ಹೆಸರು ಅವನಿಗೆ ಅಡ್ಡಹೆಸರಾಗಿ ಅಂಟಿಕೊಳ್ಳಬಹುದು.

ಪ್ರಾದೇಶಿಕ ನುಡಿ ಅಥವಾ ಜಾತಿಯ ಆಡುಮಾತನ್ನು ದಡ್ಡತನದ ಲಕ್ಷಣವೆಂಬಂತೆ ಬಳಸುವುದೂ ಇದೇ ಬಗೆಯ ದೋಷ. ಜಿ. ಪಿ. ರಾಜರತ್ನಂ ಅವರ 'ರತ್ನನ ಪದಗಳು' ಇದಕ್ಕೆ ಒಳ್ಳೆಯ ಉತ್ತರವಾಗಿದೆ. ರತ್ನ ಹೆಂಡಕುಡುಕ, ಅವನ ಮಾತು ಗ್ರಾಮ್ಯ. ಆದರೆ ಹೆಂಡತಿಯ ಮೇಲಿನ ಪ್ರೀತಿ, ಕನ್ನಡದ ಮೇಲಿನ ಅಭಿಮಾನಗಳು ಅದೇ ಮಾತಿನಲ್ಲಿ ವ್ಯಕ್ತವಾಗುವುದರಿಂದ ಓದುಗರು ಅವನನ್ನು ನೋಡಿ ನಗುವುದಿಲ್ಲ, ಅವನೊಡನೆ ನಗುತ್ತಾರೆ.

ಇಂತಹ ದೋಷವನ್ನು ತಪ್ಪಿಸಲು ಸರಳವಾದ ಪರೀಕ್ಷೆಯೊಂದಿದೆ. ಪಾತ್ರವು ತಾನಾಗಿ ಆರಿಸಿಕೊಂಡ ನಡೆಯನ್ನು, ಇಲ್ಲವೆ ತನ್ನ ಬದುಕಿನ ಒತ್ತಡದಲ್ಲಿ ರೂಢಿಸಿಕೊಂಡ ನಡೆಯನ್ನು ಚರ್ಯೆಯೆಂದು ಪರಿಗಣಿಸಬೇಕು. ಹುಟ್ಟಿನಿಂದಲೋ ರೋಗದಿಂದಲೋ ಬಂದುದನ್ನು ಪಾತ್ರದ ಬದುಕಿನ ಒಂದು ಸಂಗತಿಯಾಗಿ ಮಾತ್ರ ಚಿತ್ರಿಸಬೇಕು.