ಉಗುರಿನಡಿಯ ನೋವಿನ ಗೆಡ್ಡೆ

ದಕ್ಷಿಣ ಕನ್ನಡ ಜಿಲ್ಲೆಯ ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಪ್ರದೇಶಗಳಲ್ಲಿ ಮನೆಯ ಜಗಲಿಯಲ್ಲಿ ಕುಳಿತು ಬೀಡಿ ಕಟ್ಟುವ ಕೆಲಸವು ತಲೆಮಾರುಗಳಿಂದ ಸಾವಿರಾರು ಸ್ತ್ರೀಯರಿಗೆ ಜೀವನೋಪಾಯವಾಗಿದೆ. ಕತ್ತರಿಸಿದ ಎಲೆಯಲ್ಲಿ ಹೊಗೆಸೊಪ್ಪಿನ ಹುಡಿಯನ್ನಿಟ್ಟು ಸುರುಳಿ ಸುತ್ತಿ, ತುದಿ ಮಡಚಿ, ನೂಲು ಬಿಗಿಯುವ ಈ ಉದ್ಯೋಗಕ್ಕೆ ಬೆರಳ ತುದಿಯೇ ಬಂಡವಾಳ. ಅಲ್ಲಿ ನೋವು ಕಾಣಿಸಿಕೊಂಡರೆ ಉಗುರುಸುತ್ತೆಂದು ಭಾವಿಸಿ ನಿಂಬೆಹಣ್ಣನ್ನು ಬೆರಳಿಗೆ ಸಿಕ್ಕಿಸಿಕೊಳ್ಳುವುದು ರೂಢಿ. ಆದರೆ ಬಾವಿಲ್ಲದೆ, ಕೀವಿಲ್ಲದೆ, ವರ್ಷಗಟ್ಟಲೆ ಕಾಡುವ ನೋವು ಉಗುರುಸುತ್ತಲ್ಲ.

ವಯಸ್ಕರ ಚರ್ಮದ ಮೃದು ಅಂಗಾಂಶಗಳಲ್ಲಿ ಹುಟ್ಟುವ ಗೆಡ್ಡೆಗಳಲ್ಲಿ ಹೆಚ್ಚಿನವು ನಿರಪಾಯಕಾರಿ. ಕೊಬ್ಬಿನ ಗಂಟನ್ನು ಕಾಣದವರು ವಿರಳ. ಇದಕ್ಕೆ ವ್ಯತಿರಿಕ್ತವಾಗಿ ಗ್ಲೋಮಸ್ ಗೆಡ್ಡೆಯು ಅಪರೂಪದ್ದು. ಗಾತ್ರ ಸಾಮಾನ್ಯವಾಗಿ 1 ಸೆಂಟಿಮೀಟರಿಗೂ ಕಡಿಮೆ, ವೇದನೆ ಮಾತ್ರ ಅಪಾರ. 1812ರಲ್ಲಿ ವಿಲಿಯಂ ವುಡ್ ಇಂತಹ ನೋವಿನ ಗಂಟುಗಳನ್ನು ವರ್ಣಿಸಿದನು. ಅವುಗಳ ಮೂಲವನ್ನು ಗುರುತಿಸಿದವನು ಫ್ರೆಂಚ್ ವಿಜ್ಞಾನಿ ಪಿಯರ್ ಮ್ಯಾಸನ್, 1924ರಲ್ಲಿ.

ಬೆರಳ ತುದಿಗಳಲ್ಲಿ ಅಪಧಮನಿಯ ರಕ್ತವನ್ನು ನೇರವಾಗಿ ಅಭಿಧಮನಿಗೆ ಹಾಯಿಸುವ ಸೂಕ್ಷ್ಮ ರಚನೆಗಳುಂಟು. ಹಿಗ್ಗಿ ಕುಗ್ಗಿ ಚರ್ಮದ ಶೀತೋಷ್ಣವನ್ನು ಕಾಯುವುದು ಅವುಗಳ ಕಾರ್ಯ. ಅಲ್ಲಿನ ಕೋಶಗಳು ಮಿತಿಮೀರಿ ಬೆಳೆದರೆ ಈ ಗೆಡ್ಡೆಯಾಗುತ್ತದೆ. ಆದುದರಿಂದಲೇ ತಣ್ಣೀರು ತಗುಲಿದೊಡನೆ ನೋವು ಸಿಡಿಯುತ್ತದೆ. ಘಟ್ಟದ ಬುಡದ ಬೆಳ್ತಂಗಡಿಯ ಚಳಿಗಾಲದ ಮುಂಜಾನೆ ಬಾವಿನೀರಿಗೆ ಕೈಯಿಟ್ಟವಳು ಚೀರಿದರೆ ಅದು ಸೋಗಲ್ಲ. ಉಗುರಿನಡಿಯಲ್ಲಿ ನೀಲಿಯ ಛಾಯೆ ಕೆಲವೊಮ್ಮೆ ಕಾಣುವುದು. ಹಲವು ವೇಳೆ ಏನೂ ಕಾಣದು. ಉಗುರಿನಡಿಯ ಇಂತಹ ಗೆಡ್ಡೆ ಬರುವುದು ಹೆಚ್ಚಾಗಿ ಮಧ್ಯವಯಸ್ಸಿನ ಸ್ತ್ರೀಯರಿಗೆ. ಬೀಡಿ ಕಟ್ಟುವುದರಿಂದ ಇದು ಹುಟ್ಟುವುದೆನ್ನಲು ಆಧಾರವಿಲ್ಲ. ಆ ದುಡಿಮೆಯನ್ನು ಇದು ಕೆಡಿಸುವುದಂತೂ ದಿಟ.

ಪತ್ತೆಯ ವಿಧಾನ ಸರಳವಾದುದು. ಗುಂಡುಸೂಜಿಯ ತಲೆಯಿಂದ ಉಗುರನ್ನು ಅಲ್ಲಲ್ಲಿ ಒತ್ತಿದಾಗ ಒಂದೇ ಒಂದು ಬಿಂದುವಿನಲ್ಲಿ ತೀವ್ರ ನೋವಾಗುತ್ತದೆ. ತೋಳಿಗೆ ರಕ್ತದೊತ್ತಡದ ಪಟ್ಟಿ ಬಿಗಿದು ರಕ್ತಸಂಚಾರ ತಡೆದರೆ ಆ ನೋವು ಅಡಗುತ್ತದೆ. ಇಷ್ಟು ಸುಲಭದ ಪರೀಕ್ಷೆಯೂ ನಡೆಯದೆ ರೋಗಿಗಳು ವರ್ಷಗಳನ್ನು ಕಳೆಯುವುದು ಖೇದಕರ. ಎಂ.ಆರ್.ಐ. ಚಿತ್ರವು ಗೆಡ್ಡೆಯ ನೆಲೆಯನ್ನು ಖಚಿತಪಡಿಸಬಲ್ಲುದು.

ಔಷಧಿಯಿಂದ ಇದು ಕರಗದು. ಉಗುರನ್ನೆತ್ತಿ ಗೆಡ್ಡೆಯನ್ನು ಸಮೂಲವಾಗಿ ತೆಗೆಯಬೇಕು. ಅಂಶ ಉಳಿದರೆ ಮತ್ತೆ ಬೆಳೆದೀತು. ಇದು ಕ್ಯಾನ್ಸರ್ ಆಗುವುದು ಅತ್ಯಂತ ವಿರಳ. ಗಾಯ ಕೆಲವು ವಾರಗಳಲ್ಲಿ ಮಾಯುತ್ತದೆ, ಉಗುರು ಪೂರ್ತಿ ಬರಲು ಸುಮಾರು 6 ತಿಂಗಳು ಬೇಕು. ಕೂಲಿ ಸಲ್ಲುವುದು 1000 ಬೀಡಿಗೆ ಇಷ್ಟೆಂಬ ಲೆಕ್ಕದಲ್ಲಿ. ಆದಕಾರಣ ಆ ಕೆಲವು ವಾರಗಳ ನಷ್ಟಕ್ಕೆ ಅಂಜಿಯೇ ಶಸ್ತ್ರಚಿಕಿತ್ಸೆಯನ್ನು ಮುಂದೂಡುವ ಪ್ರಸಂಗ ಬರುತ್ತದೆ.